ಅಜ್ಜ ಎಣ್ಣೆ ಕುಡಿಸಿದ ಬೂಟು

ಹೊಸ ಚಪ್ಪಲಿ ಕಡಿಯದ ಕಾಲು ನಮ್ಮೂರಲ್ಲಿ ಹುಡುಕಿದರೂ ಸಿಗುವುದಿಲ್ಲ. ಮದುಮಗನ ಕಾಲನ್ನೂ ಕಡಿದಿದೆ, ಮಾಸ್ತರ ಕಾಲನ್ನೂ ಕಡಿದಿದೆ. ಕಡಿದಾಗ ನಾವೇನು ಮಾಡುತ್ತೇವೆ? ಗುಳ್ಳೆಯನ್ನು ಸೂಜಿಯಿಂದ ಚುಚ್ಚುತ್ತೇವೆ. ಕೈಗೆ ಸಿಕ್ಕಿದ್ದನ್ನು ಮೆತ್ತುತ್ತೇವೆ. "ನಾಕ್ ದಿನ ಹೋದ್ರ ಕಾಲಿಗೆ ಹೊಂದತಾವ" ಎಂದು ಕುಂಟುತ್ತ ಹೊಲಕ್ಕೆ ಹೋಗುತ್ತೇವೆ. ನಾನೂ ಹಾಗೆಯೇ ಮಾಡಿದವಳು. ಆದರೆ ಹತ್ತು ಕಿಲೋಮೀಟರ್ ಓಡಬೇಕಾದ ಮಗಳ ಕಾಲಿಗೆ ಗುಳ್ಳೆ ಎದ್ದಾಗ ನಮ್ಮ ಮನೆಯಲ್ಲಿ ಏನಾಯಿತು, ಕೇಳಿ.

ನನ್ನ ಹೆಸರು ಯಮನೂರಮ್ಮ. ನಮ್ಮದು ತಾವರಗೇರಾ ಹತ್ತಿರದ ಹಳ್ಳಿ. ಮಗಳು ದುರ್ಗಾದೇವಿಗೆ ಇಪ್ಪತ್ತು ವರ್ಷ, ಬಿ.ಎ. ಓದುತ್ತಾಳೆ. ಕಾಲೇಜಿಗೆ ಹೋಗುವ ಮೊದಲು ದಿನಾ ಬೆಳಿಗ್ಗೆ ಜೋಳದ ಹೊಲಗಳ ನಡುವಿನ ರಸ್ತೆಯಲ್ಲಿ ಓಡುತ್ತಾಳೆ. ಕುಷ್ಟಗಿಯಲ್ಲಿ ನಡೆದ ತಾಲೂಕು ಓಟದಲ್ಲಿ ಎರಡನೆಯವಳಾಗಿ ಬಂದಳು. ಮುಂದಿನದು ಕೊಪ್ಪಳದಲ್ಲಿ, ಜಿಲ್ಲಾ ಮಟ್ಟದ್ದು. ಅಲ್ಲಿ ಮೊದಲ ಮೂವರಲ್ಲಿ ಬಂದರೆ ರಾಜ್ಯದ ಓಟಕ್ಕೆ ಹೋಗಬಹುದು.

ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ನನ್ನ ಮಾವ ವಿರುಪಣ್ಣ. ಸುದ್ದಿ ಕೇಳಿದ ಕೂಡಲೇ ಹೆಗಲಿಗೆ ಟವೆಲ್ ಹಾಕಿಕೊಂಡು ಊರ ಕಟ್ಟೆಗೆ ಹೋದರು.

"ನಮ್ಮ ದುರ್ಗಿ ಕೊಪ್ಪಳಕ್ಕ ಓಡಿ ಹೊಂಟಾಳ!" ಎಂದು ಸಾರಿದರು.

ಕಟ್ಟೆಯ ಮೇಲಿದ್ದ ಕರಿಬಸಪ್ಪಣ್ಣ ಬೀಡಿ ಕೆಳಗೆ ಹಾಕಿ ಎದ್ದು ನಿಂತ. "ಓಡಿ ಹೊಂಟಾಳಾ? ಯಾರ ಜೋಡಿರಿ? ಹುಡುಗ ಯಾವ ಊರಾಂವ?"

"ಏ, ನಿನ್ನ ಬಾಯಿಗೆ ಮಣ್ಣ ಹಾಕ! ಓಟದ ಪಂದ್ಯಕ್ಕ ಹೊಂಟಾಳೋ!"

ಎರಡು ದಿನ ಊರೆಲ್ಲ ಇದೇ ನಗು.

ಮೊಮ್ಮಗಳು ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡು ಕೊಪ್ಪಳಕ್ಕೆ ಹೋಗುವುದು ಮಾವನಿಗೆ ಸರಿ ಕಾಣಲಿಲ್ಲ. ಅವಳಿಗೆ ತಿಳಿಯದಂತೆ ಹೊಸ ಬೂಟು ತರಬೇಕೆಂದು ನಿಶ್ಚಯಿಸಿದರು. ಭಾನುವಾರ ಮಧ್ಯಾಹ್ನ ದುರ್ಗಿ ಮಲಗಿದ್ದಾಗ ಮೆಲ್ಲಗೆ ಹೋಗಿ, ಅವಳ ಅಂಗಾಲಿನ ಉದ್ದಕ್ಕೆ ಒಂದು ಪರಕೆ ಕಡ್ಡಿಯನ್ನು ಹಿಡಿದು ಮುರಿದರು. ಅವರ ಕಾಲದಲ್ಲಿ ಮನೆಮಂದಿಗೆಲ್ಲ ಮೆಟ್ಟು ತರುತ್ತಿದ್ದದ್ದು ಹಾಗೆಯೇ. ಮರುದಿನ ಆ ಕಡ್ಡಿಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಾವರಗೇರಾಕ್ಕೆ ಹೋಗಿ ನೀಲಿ ಬಣ್ಣದ ಬೂಟು ತಂದರು.

"ಕಡ್ಡಿಗಿಂತ ಎರಡು ಬೆರಳು ದೊಡ್ಡದ ತಂದೀನಿ. ಬೆಳಿಯೋ ಹುಡುಗಿ," ಎಂದರು.

ಇಪ್ಪತ್ತು ವರ್ಷದ ಹುಡುಗಿಯ ಕಾಲು ಇನ್ನೆಷ್ಟು ಬೆಳೆದೀತು? ನನಗೆ ನಗು ಬಂತು. ಆದರೆ ಅವರ ಮುಖ ನೋಡಿ ಸುಮ್ಮನಾದೆ.

ಅಷ್ಟಕ್ಕೇ ಬಿಡಲಿಲ್ಲ. ಚರ್ಮದ ಹೊಸ ಮೆಟ್ಟು ಕಡಿಯಬಾರದೆಂದರೆ ಅದಕ್ಕೆ ಎಣ್ಣೆ ಕುಡಿಸಬೇಕು. ಇದು ಅವರು ಅರವತ್ತು ವರ್ಷ ನಡೆಸಿಕೊಂಡು ಬಂದ ಪದ್ಧತಿ. ದುರ್ಗಿ ಕಾಲೇಜಿಗೆ ಹೋದ ಮೇಲೆ ಔಡಲೆಣ್ಣೆಯ ಬಾಟಲಿ ಹಿಡಿದು ಅಂಗಳದಲ್ಲಿ ಕುಳಿತರು. ಅರಿವೆ ಅದ್ದಿ ಅದ್ದಿ, ಬಟ್ಟೆಯ ಆ ಬೂಟಿಗೆ ಒಳಗೂ ಹೊರಗೂ ಎಣ್ಣೆ ತಿಕ್ಕಿದರು. ಮೂರು ದಿನ ಬಿಸಿಲಿಗೆ ಇಟ್ಟರು. ನಾನು ರೊಟ್ಟಿ ಬಡಿಯುತ್ತ ನೋಡುತ್ತಲೇ ಇದ್ದೆ. ತಡೆಯಲಿಲ್ಲ. ಎಣ್ಣೆ ಹಚ್ಚಿದರೆ ಒಳ್ಳೆಯದೇ ಎಂದು ನಾನೂ ನಂಬಿದ್ದೆ.

"ನೋಡವಾ, ಹೂ ಆದಂಗ ಆಗ್ಯಾವ," ಎಂದು ದುರ್ಗಿಯ ಮುಂದೆ ಇಟ್ಟರು.

ದುರ್ಗಿ ಒಂದು ಕ್ಷಣ ಬೂಟು ನೋಡಿದಳು, ಒಂದು ಕ್ಷಣ ಅಜ್ಜನನ್ನು ನೋಡಿದಳು. "ಭಾಳ ಛಲೋ ಅದಾವ ಯಜ್ಜಾ," ಎಂದು ಹಾಕಿಕೊಂಡು ಓಡಿದಳು.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕಿ ಸಾರಿಸಿದ್ದೆ. ಓಟ ಮುಗಿಸಿ ಬಂದ ದುರ್ಗಿ ಬೂಟು, ಕಾಲುಚೀಲ ಕಳಚಿ ಅಂಗಳ ದಾಟಿ ಹೋದಳು. ಹಸಿ ನೆಲದ ಮೇಲೆ ಹೆಜ್ಜೆ ಮೂಡಿದ್ದವು. ಬೆರಳುಗಳು ಇದ್ದವು, ಮುಂಗಾಲು ಇತ್ತು. ಹಿಮ್ಮಡಿ ಇರಲಿಲ್ಲ.

"ಯಾಕವಾ, ತುದಿಗಾಲಾಗ ನಡೀತಿ?"

"ಏನಿಲ್ಲ ಯವ್ವಾ. ಮೀನಖಂಡ ಗಟ್ಟಿ ಆಗಲಿ ಅಂತ ಒಂದು ವ್ಯಾಯಾಮ."

ನಾನು ಇನ್ನೇನು ನಂಬುವವಳಿದ್ದೆ. ಅಷ್ಟರಲ್ಲಿ ಅವಳು ಒಗೆಯಲು ಹಾಕಿದ ಕಾಲುಚೀಲ ಕೈಗೆ ಬಂತು. ಹಿಮ್ಮಡಿಯ ಜಾಗದಲ್ಲಿ ರಕ್ತದ ಕಲೆ. ಕೈಹಿಡಿದು ಕಟ್ಟೆಯ ಮೇಲೆ ಕೂರಿಸಿದೆ, ಕಾಲನ್ನು ತೊಡೆಯ ಮೇಲೆ ಎತ್ತಿಕೊಂಡೆ. ಎಡ ಹಿಮ್ಮಡಿಯಲ್ಲಿ ಹುಣಸೆ ಬೀಜದಷ್ಟು ದೊಡ್ಡ ನೀರ್ಗುಳ್ಳೆ. ಬಲ ಹಿಮ್ಮಡಿಯಲ್ಲಿ ಗುಳ್ಳೆ ಒಡೆದು ಚರ್ಮ ಸುರುಳಿ ಸುತ್ತಿತ್ತು. ಕೆಳಗಿನ ಕೆಂಪು ಮಾಂಸಕ್ಕೆ ಎಣ್ಣೆಯೂ ಎರೆಮಣ್ಣೂ ಮೆತ್ತಿಕೊಂಡಿದ್ದವು.

"ಇಷ್ಟಾದ್ರೂ ಯಾಕ ಹೇಳಲಿಲ್ಲವಾ?"

ಅವಳು ತಲೆ ತಗ್ಗಿಸಿ ಪಿಸುಗುಟ್ಟಿದಳು. "ಹೇಳಿದ್ರ ಯಜ್ಜನ ಮಾರಿ ಸಣ್ಣದಾಗತಿತ್ತು."

ಓಟಕ್ಕೆ ಉಳಿದಿದ್ದು ಹದಿನಾಲ್ಕು ದಿನ. ಒಳಗೆ ಓಡಿ ಕೌದಿ ಹೊಲಿಯುವ ದೊಡ್ಡ ಸೂಜಿ ತಂದು ನೂಲು ಪೋಣಿಸಿದೆ. ಗುಳ್ಳೆಯ ಈ ಕಡೆಯಿಂದ ಆ ಕಡೆಗೆ ನೂಲು ಹಾಯಿಸಿ ಬಿಟ್ಟರೆ ನೀರು ಇಳಿಯುತ್ತದೆಂದು ನಮ್ಮವ್ವ ಹೇಳಿಕೊಟ್ಟಿದ್ದಳು. ಮಾವನೂ ಓಡಿ ಬಂದರು.

"ಒಡೆದದ್ದಕ್ಕ ಎಕ್ಕಿ ಹಾಲು ಬಿಡ್ರಿ. ಉರೀತೈತಿ, ಆದ್ರ ಒಂದ ದಿನಕ್ಕ ಒಣಗತೈತಿ!"

"ಯಮನೂರಕ್ಕಾ! ಆ ಸೂಜಿ ಕೆಳಗ ಇಡ್ರಿ ಮದ್ಲ!"

ಬಾಗಿಲಲ್ಲಿ ನಿಂತಿದ್ದವರು ನಮ್ಮೂರ ಉಪಕೇಂದ್ರದ ನರ್ಸ್ ಮುಮ್ತಾಜಬೇಗಂ. ಪಕ್ಕದ ಮನೆಯ ಕೂಸನ್ನು ನೋಡಲು ಬಂದವರು ನಮ್ಮ ಗದ್ದಲ ಕೇಳಿ ಇತ್ತ ಬಂದಿದ್ದರು.

"ಸಿಸ್ಟರ್, ನೂಲು ಬಿಟ್ರ ನೀರೆಲ್ಲ ಹೊರಗ ಬರತೈತ್ರಿ," ಎಂದೆ.

"ನೀರು ಹೊರಗ ಬರೋ ಹಾದ್ಯಾಗನ ಹೊಲಸು ಒಳಗ ಹೋಗತೈತಿ ಅಕ್ಕಾ. ಆಮೇಲೆ ಕೀವು. ಕೌದಿ ಎಷ್ಟರ ಹೊಲೀರಿ, ನಿಮ್ಮ ಮಗಳನ್ನ ಹೊಲೀಬ್ಯಾಡ್ರಿ."

ಮಾವ ಗಂಟಲು ಸರಿಮಾಡಿಕೊಂಡರು. "ನರ್ಸವ್ವಾ, ಎಕ್ಕಿ ಹಾಲು?"

"ಅಜ್ಜಾರ, ಎಕ್ಕಿ ಹಾಲು ಕಣ್ಣಿಗೆ ಸಿಡಿದ್ರ ಏನಾಗತೈತ್ರಿ?"

"ಕಣ್ಣು ಹೋಗತಾವ."

"ಅದನ್ನ ಹಸೀ ಗಾಯಕ್ಕ ಬಿಡ್ತೀನಿ ಅಂತೀರಲ್ಲ!"

ಸಿಸ್ಟರ್ ಸೋಪು ಹಚ್ಚಿ ಕೈ ತೊಳೆದುಕೊಂಡರು. ನನಗೂ ತೊಳೆಯಲು ಹೇಳಿದರು. ದುರ್ಗಿಯ ಎರಡೂ ಹಿಮ್ಮಡಿಗಳನ್ನು ಸೋಪು ನೀರಿನಿಂದ ಮೆಲ್ಲಗೆ ತೊಳೆದು, ಒಗೆದ ಬಟ್ಟೆಯಿಂದ ಒತ್ತಿ ಒರೆಸಿದರು.

"ಈ ಎಡಗಾಲಿಂದು ಒಡೆದಿಲ್ಲ. ಇದನ್ನ ಮುಟ್ಟಬ್ಯಾಡ್ರಿ. ಮ್ಯಾಲಿನ ತೊಗಲು ಇದ್ದಷ್ಟು ದಿನ ಒಳಗ ಹೊಲಸು ಹೋಗಂಗಿಲ್ಲ. ಸ್ವಚ್ಛ ಪಟ್ಟಿ ಮುಚ್ಚಿದ್ರ ಸಾಕು, ನೀರು ತಾನ ಇಂಗತೈತಿ. ಭಾಳ ದೊಡ್ಡದಾಗಿ ನಡಿಯಾಕ ಬರದಂಗ ಆದ್ರ ನನ್ನ ಕಡೆ ಬರ್ರಿ. ಶುದ್ಧ ಸೂಜಿಯಿಂದ ಅಂಚಿನಾಗ ಚುಚ್ಚಿ ನೀರು ತೆಗೀತೀವಿ. ಆಗೂ ತೊಗಲು ಕೀಳಂಗಿಲ್ಲ."

ಬಲಗಾಲಿನ ಸುರುಳಿ ಸುತ್ತಿದ ಚರ್ಮವನ್ನು ಅವರು ಹರಿಯಲಿಲ್ಲ. ಗಾಯದ ಮೇಲೆ ಮತ್ತೆ ಹಾಸಿದರು. ಮುಲಾಮು ಹಚ್ಚಿ, ಪಟ್ಟಿ ಕಟ್ಟಿದರು. ಧನುರ್ವಾಯುವಿನ ಸೂಜಿ ಯಾವಾಗ ಆಗಿದೆ ಎಂದು ಕೇಳಿ ತಿಳಿದುಕೊಂಡರು.

"ದಿನಕ್ಕೊಮ್ಮಿ ಪಟ್ಟಿ ಬದಲಿ ಮಾಡ್ರಿ. ತೊಯ್ದ್ರ ಆವಾಗಿಂದಾವಾಗ ಬದಲಿ ಮಾಡ್ರಿ. ಸುತ್ತ ಕೆಂಪು ಹಬ್ಬಿದ್ರ, ಕೀವು ಬಂದ್ರ, ಕಾಲು ಬಾತ್ರ, ಜ್ವರ ಬಂದ್ರ ಒಂದ ತಾಸೂ ತಡೀಬ್ಯಾಡ್ರಿ, ದವಾಖಾನಿಗೆ ಹೋಗ್ರಿ. ಮತ್ತ ಸಕ್ಕರಿ ಕಾಯಿಲೆ ಇದ್ದವರು ಸಣ್ಣ ಗುಳ್ಳಿ ಆದ್ರೂ ಮನ್ಯಾಗ ಇಟಗೊಂಡು ಕುಂದ್ರಬಾರದು, ನಮಗ ತೋರಸಬೇಕು."

"ಓಟ, ಸಿಸ್ಟರ್?" ಎಂದಳು ದುರ್ಗಿ.

"ಒಂದು ವಾರ ಓಟ ಬಂದ್. ಹಿಂದ ಪಟ್ಟಿ ಇಲ್ಲದ ಚಪ್ಪಲಿ ಹಾಕ್ಕೊಂಡು ಸೈಕಲ್ ತುಳಿ. ಹಿಮ್ಮಡಕ್ಕ ಏನೂ ತಾಕಬಾರದು. ಗಾಯ ಒಣಗಿದ್ರ ಕೊಪ್ಪಳಕ್ಕ ಹೋಗ್ತಿ. ಹಸೀ ಇದ್ದಾಗ ಓಡಿದ್ರ ಕೊಪ್ಪಳನೂ ಇಲ್ಲ, ಮುಂದಿಂದೂ ಇಲ್ಲ."

ಮಾವನಿಗೆ ಇನ್ನೂ ಸಮಾಧಾನವಿರಲಿಲ್ಲ. "ಅಲ್ಲವಾ, ಗುಳ್ಳಿ ಆಗಬಾರದಂತನ ನಾನು ಮೂರು ದಿನ ಎಣ್ಣಿ ಕುಡಿಸೀನಲ್ಲ?"

"ಯಾರಿಗ್ರಿ?"

"ಬೂಟಿಗೆ!"

ಸಿಸ್ಟರ್ ಬೂಟು ಎತ್ತಿ ಮೂಸಿದರು. ತಿರುಗಿಸಿ ಕೊಡವಿದಾಗ ಒಳಗಿನಿಂದ ನಾಲ್ಕು ಇರುವೆ ಬಿದ್ದವು. ಸಿಸ್ಟರ್ ಬಾಯಿಗೆ ಸೆರಗು ಒತ್ತಿಕೊಂಡರು. ದುರ್ಗಿ ನೋವಿನಲ್ಲೂ ನಕ್ಕಳು. ನಾನೂ ನಕ್ಕೆ. ಮಾವ ಮಾತ್ರ ನಗಲಿಲ್ಲ. ಅದನ್ನು ಕಂಡು ಸಿಸ್ಟರ್ ನಗು ನಿಲ್ಲಿಸಿ ಅವರ ಪಕ್ಕದಲ್ಲಿ ಕುಳಿತರು.

"ಅಜ್ಜಾರ, ನೀವು ಎತ್ತು ಹೂಡಿದವರು. ನೊಗ ಅಳತಿಗೆ ಕೂಡದ ಸಡ್ಲ ಇದ್ರ ಎತ್ತಿಗೆ ಏನಾಗತೈತಿ?"

"ಹೆಗಲಿಗೆ ಗಾಯ ಆಗತೈತಿ."

"ಯಾಕ?"

"ನಡದಂಗೆಲ್ಲಾ ಹಿಂದ ಮುಂದ ತಿಕ್ಕತೈತಲ್ಲ, ಅದಕ್ಕ..." ಮಾವ ಬೂಟಿನತ್ತ ನೋಡಿದರು.

"ಅಷ್ಟರೀ ವಿಷಯ. ಬೂಟು ದೊಡ್ಡದಾತು, ಹಿಮ್ಮಡ ಒಳಗ ಏರಿಳೀತು. ಚರ್ಮದ ಮೆಟ್ಟಿಗೆ ಎಣ್ಣಿ ಹಚ್ಚಿದ್ರ ಮೆತ್ತಗಾಗತೈತಿ, ಖರೆ. ಇದು ಬಟ್ಟಿ. ಎಣ್ಣಿ ಕುಡಿದು ಒಳಗ ಜಾರಾಕ ಹತ್ತಿತು. ಬೆವರು ಹೊರಗ ಹೋಗಲಿಲ್ಲ. ತೊಯ್ದ ತೊಗಲು ಲಗೂನ ಕಿತ್ತತೈತಿ."

"ಹಂಗಾರ ತಪ್ಪು ನಂದ," ಎಂದರು ಮಾವ.

"ತಪ್ಪು ಪರಕಿ ಕಡ್ಡೀದು ಬಿಡ್ರಿ," ಎಂದರು ಸಿಸ್ಟರ್.

ಅಂದಿನಿಂದ ಸಂಜೆ ಒಲೆ ಹೊತ್ತಿಸುವ ಮೊದಲು ದುರ್ಗಿಯ ಪಟ್ಟಿ ಬದಲಿಸುವುದು ನನ್ನ ಕೆಲಸವಾಯಿತು. ಎರಡನೆಯ ದಿನ ಪಟ್ಟಿ ಗಾಯಕ್ಕೆ ಅಂಟಿಕೊಂಡಿತ್ತು. ಎಳೆದಿದ್ದರೆ ಹೊಸ ಚರ್ಮವೂ ಬರುತ್ತಿತ್ತು. ಕಾಯಿಸಿ ಆರಿಸಿದ ನೀರು ಹನಿಸಿ, ಅದು ತಾನೇ ಬಿಡುವವರೆಗೆ ಕಾದೆ. ದುರ್ಗಿ ದಿನಕ್ಕೆ ಹತ್ತು ಸಲ "ಒಣಗೇತೇನು ಯವ್ವಾ?" ಎನ್ನುವಳು. ಎಂಟನೆಯ ದಿನ ಸಿಸ್ಟರ್ ಬಂದು ಒತ್ತಿ ನೋಡಿದರು. ಎಡಗಾಲಿನ ನೀರು ಇಂಗಿತ್ತು. ಬಲಗಾಲಿಗೆ ತಿಳಿಗೆಂಪಾದ ಹೊಸ ಚರ್ಮ ಬಂದಿತ್ತು.

"ನಾಳಿಂದ ಓಡು. ಮೊದಲು ಎರಡು ಕಿಲೋಮೀಟರ್. ನೋವಿಲ್ಲಂದ್ರ ಮರುದಿನ ಮೂರು."

ದುರ್ಗಿ ಕುಣಿದೇಬಿಟ್ಟಳು. ಸಿಸ್ಟರ್ ಅವಳನ್ನು ಹಿಡಿದು ಕೂರಿಸಿ ಬುದ್ಧಿ ಹೇಳಿದರು. ಬೆವರು ಹಿಡಿದಿಟ್ಟುಕೊಳ್ಳುವ ದಪ್ಪ ಹತ್ತಿ ಕಾಲುಚೀಲ ಬೇಡ, ಬೇಗ ಒಣಗುವ ತೆಳು ಚೀಲ ಹಾಕು. ಸುಕ್ಕು ಇರಬಾರದು. ಉಗುರು ಕತ್ತರಿಸಿಕೊ. ಹಿಮ್ಮಡಿಗೆ ಮೊದಲೇ ಪೇಪರ್ ಟೇಪ್ ಅಂಟಿಸು. ಬೆರಳ ಸಂದಿಗೆ ವ್ಯಾಸಲಿನ್ ತೆಳ್ಳಗೆ ಸವರು.

ಮಾವ ನೆಟ್ಟಗೆ ಕುಳಿತರು. "ಹಾಂ! ನಾನು ಎಣ್ಣಿ ಹಚ್ಚಿದ್ರ ತಪ್ಪು, ನೀವು ವ್ಯಾಸಲಿನ್ ಹಚ್ಚಿದ್ರ ಶಾಣ್ಯಾತನ?"

"ಅಜ್ಜಾರ, ನಾನು ತಿಕ್ಕೋ ಜಾಗಾದಾಗ ತೊಗಲಿಗೆ ಒಂಚೂರು ಸವರ್ತೀನಿ. ನೀವು ಬೂಟಿಗೆ ಜಳಕಾನ ಮಾಡಿಸೀರಿ!"

ಈ ಸಲ ಮಾವನೂ ನಕ್ಕರು.

"ಇನ್ನೊಂದು ಮಾತು ದುರ್ಗಾ, ಇದು ಎಲ್ಲಾಕ್ಕಿಂತ ದೊಡ್ಡದು," ಎಂದರು ಸಿಸ್ಟರ್. "ಗುಳ್ಳಿ ಒಮ್ಮಿಗೇ ಏಳಂಗಿಲ್ಲ. ಮೊದಲು ಆ ಜಾಗ ಬಿಸಿ ಆಗತೈತಿ, ಉರೀತೈತಿ. ಉರಿ ಬಂದ್ ಕೂಡಲೇ ನಿಲ್ಲು. ಕುಂದ್ರು, ಒರಸ್ಕೊ, ಪಟ್ಟಿ ಹಚ್ಚು. ಪಂದ್ಯದಾಗ ಇದ್ರೂ ಸೈತ."

"ಪಂದ್ಯದಾಗ ಕುಂತ್ರ ಹಿಂದ ಬೀಳ್ತಾಳವಾ!" ಎಂದರು ಮಾವ.

"ಕುಂದ್ರದಿದ್ರ ಬಿದ್ದ ಬಿಡ್ತಾಳ್ರಿ."

ಆರು ದಿನ ದುರ್ಗಿ ತನ್ನ ಹಳೆಯ ಬೂಟಿನಲ್ಲೇ ಓಡಿದಳು. ಮಾವ ನೀಲಿ ಬೂಟನ್ನು ದಿನಾ ಸೋಪಿನಲ್ಲಿ ತಿಕ್ಕಿ ತೊಳೆದು ಒಣಗಿಸುವುದನ್ನು ನಾನು ನೋಡುತ್ತಿದ್ದೆ. ಕೊಪ್ಪಳಕ್ಕೆ ಹೊರಡುವ ಬೆಳಿಗ್ಗೆ ಅದನ್ನು ತಂದು ದುರ್ಗಿಯ ಮುಂದೆ ಇಟ್ಟರು.

"ಎಣ್ಣಿ ಪೂರಾ ಹೋಗೇತಿ ನೋಡವಾ. ಅಷ್ಟು ಮಂದಿ ಮುಂದ ಓಡಾಕಿ, ಹೊಸಾವ ಹಾಕ್ಕೊ."

ದುರ್ಗಿ ನನ್ನ ಮುಖ ನೋಡಿದಳು. ಅಜ್ಜನಿಗೆ ಇಲ್ಲ ಎನ್ನಲು ಅವಳಿಗೆ ಬಾಯಿ ಬರುವುದಿಲ್ಲ. ಇವಳು ಹೂಂ ಎಂದರೆ ಹದಿನಾಲ್ಕು ದಿನದ ತಾಳ್ಮೆ ನೀರಾಗುತ್ತದೆ. ನಾನು ಮೆಲ್ಲಗೆ ಹೇಳಿದೆ. "ಮಾವಾರ, ನೀವ ಆಕಿಗೆ ಹಾಕ್ರಿ. ಹಾಕಿ, ಹಿಮ್ಮಡದ ಹಿಂದ ಬೆರಳು ಇಟ್ಟು ನೋಡ್ರಿ."

ಮಾವ ಮೊಣಕಾಲೂರಿ ಕುಳಿತು ಬೂಟು ತೊಡಿಸಿದರು. ಲೇಸ್ ಬಿಗಿಯಾಗಿ ಕಟ್ಟಿದರು. ಹಿಂದೆ ತೋರುಬೆರಳು ಇಟ್ಟರು. ಬೆರಳು ಪೂರ್ತಿ ಒಳಗೆ ಹೋಯಿತು. ಅವರು ಲೇಸ್ ಬಿಚ್ಚಿ, ಬೂಟು ಕಳಚಿ ಪಕ್ಕಕ್ಕೆ ಇಟ್ಟರು. ತಾವೇ ಎದ್ದು ಹೋಗಿ ಹಳೆಯ ಬೂಟು ತಂದರು.

"ಬೂಟು ಮನ್ಯಾಗ ಇರಲಿ. ಮೊಮ್ಮಗಳು ಓಡಲಿ," ಎಂದರು.

ಕೊಪ್ಪಳದಲ್ಲಿ ಎಷ್ಟು ಮಂದಿ! ಎಲ್ಲೆಲ್ಲಿಂದಲೋ ಬಂದ ನಲವತ್ತು ಹುಡುಗಿಯರು, ಎದೆಗೆಲ್ಲ ನಂಬರು. ಐದು ಕಿಲೋಮೀಟರಿನ ರಸ್ತೆಯನ್ನು ಎರಡು ಸುತ್ತು ಓಡಬೇಕು. ನಾನೂ ಮಾವನೂ ಒಂದು ತಿರುವಿನಲ್ಲಿ ನಿಂತೆವು. ಮೊದಲ ಸುತ್ತಿನಲ್ಲಿ ದುರ್ಗಿ ನಾಲ್ಕನೆಯವಳಾಗಿ ನಮ್ಮ ಮುಂದೆ ಹಾಯ್ದು ಹೋದಳು. ಎರಡನೆಯ ಸುತ್ತಿನಲ್ಲೂ ನಾಲ್ಕನೆಯವಳೇ. ಆದರೆ ನಡುವೆ ಯಾರೋ ತಂಪಾಗಲೆಂದು ಕಾಲಿಗೆ ನೀರು ಎರಚಿದ್ದರು. ಎಡಗಾಲಿನ ಚೀಲ ತೊಯ್ದಿತ್ತು. ನಮ್ಮೆದುರು ಬರುತ್ತಲೇ ಅವಳ ಹೆಜ್ಜೆ ಸಣ್ಣದಾಯಿತು. ರಸ್ತೆ ಬದಿಗೆ ಬಂದಳು. ಒಂದು ಕಲ್ಲಿನ ಮೇಲೆ ಕುಳಿತೇಬಿಟ್ಟಳು.

ಜನ ಕೂಗತೊಡಗಿದರು. "ಏಳವಾ! ಏಳು! ಇನ್ನ ಮೂರ ಕಿಲೋಮೀಟರ್ ಐತಿ! ಓಡು!"

ದುರ್ಗಿ ಬೂಟಿಗೆ ಕೈ ಹಾಕಿದವಳು ಗಾಬರಿಯಿಂದ ತಲೆ ಎತ್ತಿದಳು. ಇನ್ನೇನು ಎದ್ದು ಓಡುತ್ತಾಳೆ ಎನ್ನುವಷ್ಟರಲ್ಲಿ ನನ್ನ ಪಕ್ಕದಿಂದ ಗುಡುಗಿನಂಥ ಧ್ವನಿ ಬಂತು.

"ಕುಂದ್ರವಾ! ಕುಂದ್ರು! ಒರಸ್ಕೊಂಡು ಪಟ್ಟಿ ಹಚ್ಚು! ಏ, ಯಾರೂ ಅವಸರ ಮಾಡಸಬ್ಯಾಡ್ರಿ ಆಕಿಗೆ!"

ಮಾವ! ಟವೆಲ್ ಬೀಸುತ್ತ ರಸ್ತೆಯ ಅಂಚಿಗೆ ಹೋಗಿ ನಿಂತಿದ್ದರು.

ಪಕ್ಕದವನೊಬ್ಬ ಬೆರಗಾಗಿ ಕೇಳಿದ. "ಯಜ್ಜಾ, ನೀವು ಯಾರ ಕಡೆಯವರ್ರಿ?"

"ನಾನು ಆಕಿ ಕಾಲಿನ ಕಡೆಯಾಂವ!"

ಒಬ್ಬಳು ದಾಟಿ ಹೋದಳು. ಇನ್ನೊಬ್ಬಳು. ಮತ್ತೊಬ್ಬಳು. ದುರ್ಗಿ ಜೇಬಿನ ಕರವಸ್ತ್ರದಿಂದ ಅಂಗಾಲು ಒರೆಸಿ, ಕೆಂಪಾದ ಜಾಗಕ್ಕೆ ಪಟ್ಟಿ ಒತ್ತಿ, ಚೀಲ ಹಿಂಡಿ ಸುಕ್ಕಿಲ್ಲದಂತೆ ಎಳೆದುಕೊಂಡು ಲೇಸ್ ಕಟ್ಟಿದಳು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ನನಗೆ ಅದೊಂದು ದಿನದಷ್ಟಾಯಿತು. ಎದ್ದಳು. ಎರಡು ಹೆಜ್ಜೆ ಮೆಲ್ಲಗೆ ಇಟ್ಟಳು. ಆಮೇಲೆ ಓಡಿದಳು ನೋಡಿ! ಪೂರ್ತಿ ಅಂಗಾಲು ಊರಿ, ಗಾಳಿಯನ್ನು ಸೀಳಿಕೊಂಡು.

ನಾವು ಗುರಿಯ ಬಳಿಗೆ ಏದುಸಿರು ಬಿಡುತ್ತ ಹೋದೆವು. ಮೊದಲನೆಯವಳು ಬಂದಳು. ಎರಡನೆಯವಳು ಬಂದಳು. ಆಮೇಲೆ ತಿರುವಿನಲ್ಲಿ ಇಬ್ಬರು ಒಟ್ಟಿಗೆ ಕಂಡರು, ಭುಜಕ್ಕೆ ಭುಜ. ಒಬ್ಬಳು ನಮ್ಮ ದುರ್ಗಿ! ಮಾವ ಕಣ್ಣು ಮುಚ್ಚಿಕೊಂಡರು. ನಾನು ಏನೇನು ಕೂಗಿದೆನೋ ನನಗೇ ನೆನಪಿಲ್ಲ. ಮೈಕಿನಲ್ಲಿ ಹೇಳಿದಾಗಲೇ ನಮಗೆ ತಿಳಿದದ್ದು: "ಮೂರನೇ ಸ್ಥಾನ, ದುರ್ಗಾದೇವಿ, ಕುಷ್ಟಗಿ ತಾಲೂಕು!"

ಪದಕ ಹಾಕಿಕೊಂಡು ಬಂದವಳನ್ನು ಮಾವ ಮೊದಲು ನೆಲದ ಮೇಲೆ ಕೂರಿಸಿದರು. ತಾವೇ ಬೂಟು, ಚೀಲ ಕಳಚಿ, ಎರಡೂ ಪಾದಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಉರಿ ಐತೇನವಾ?"

"ಇಲ್ಲ ಯಜ್ಜಾ."

"ಗುಳ್ಳಿ?"

"ಒಂದೂ ಇಲ್ಲ."

"ಹಾಂ. ಈಗ ಪದಕ ತೋರಸು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಪಂದ್ಯಕ್ಕೋ ಪೊಲೀಸ್ ಭರ್ತಿಗೋ ಓಡುವ ಮಕ್ಕಳಿರಬಹುದು. ಬೂಟು ಕೊಡಿಸುವಾಗ ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಸಂಜೆ ಹೋಗಿ, ಆಗ ಪಾದ ತುಸು ಉಬ್ಬಿರುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿ ಅಳತೆ ನೋಡಿ. ಮುಂದೆ ಹೆಬ್ಬೆರಳಗಲ ಜಾಗವಿರಲಿ, ಹಿಂದೆ ಹಿಮ್ಮಡಿ ಜಾರದಿರಲಿ. ಹೊಸ ಬೂಟನ್ನು ಪಂದ್ಯದ ದಿನವೇ ತೊಡಿಸಬೇಡಿ, ಮೊದಲು ದಿನಾ ಸ್ವಲ್ಪ ಸ್ವಲ್ಪ ಹಾಕಿಸಿ ರೂಢಿ ಮಾಡಿಸಿ. ಗುಳ್ಳೆ ಎದ್ದರೆ ಸೂಜಿ, ನೂಲು, ಎಕ್ಕೆ ಹಾಲು ಯಾವುದನ್ನೂ ಹತ್ತಿರ ತರಬೇಡಿ. ತೊಳೆದು, ಒರೆಸಿ, ಮುಚ್ಚಿ. ಸಂಶಯವಿದ್ದರೆ ನಿಮ್ಮೂರ ಆಶಾ ಕಾರ್ಯಕರ್ತೆಯನ್ನೋ ನರ್ಸನ್ನೋ ಕೇಳಿ.

ಇವತ್ತು ಸಂಜೆ ಕೆಲಸ ಮುಗಿದ ಮೇಲೆ ಮಕ್ಕಳ ಕಾಲನ್ನು ನಿಮ್ಮ ತೊಡೆಯ ಮೇಲೆ ಎತ್ತಿಕೊಳ್ಳಿ. ಕೇಳಿದರೆ ಅವರು ಏನಿಲ್ಲ ಎನ್ನುತ್ತಾರೆ. ಕೇಳಬೇಡಿ. ನೋಡಿ.